ತೇವಕ್ಕೆ ಕಳೆದ ಅರ್ಧ ಕಿಲೋ

ಅವತ್ತು ನಿಜವಾಗಿ ಏನಾಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಯೂನಿವರ್ಸಿಟಿಯಲ್ಲಿ ಎಲ್ಲವನ್ನೂ ಅನುಮಾನಿಸುವುದನ್ನು ಕಲಿತು ಬಂದವನು ನಾನು. ಈಗ ಆ ವಿದ್ಯೆ ನನ್ನ ನೆನಪಿನ ಮೇಲೇ ತಿರುಗಿ ಬಿದ್ದಿದೆ. ಮಗಳ ಕೂದಲು ಒದ್ದೆಯಿತ್ತೆಂದು ನನಗೆ ನೆನಪು. ಒಣಗಿತ್ತು, ಜಡೆ ಹೆಣೆದವಳೇ ತಾನು ಎಂದು ನನ್ನ ಹೆಂಡತಿ. ಹೆಂಡತಿಯ ನೆನಪನ್ನು ಅನುಮಾನಿಸುವಷ್ಟು ಮಾತ್ರ ನಾನು ಓದಿಲ್ಲ.

ಮಗಳು ಗಿರಿಜಾ ಕಬಡ್ಡಿ ಆಡುತ್ತಾಳೆ. ಎಮ್ಮಿಗನೂರಿಗೆ ಆಡಲು ಹೋಗುವ ಶಾಲೆಯ ತಂಡಕ್ಕೆ ಸೇರಬೇಕಾದರೆ ತೂಕ ಐವತ್ತೈದು ಕಿಲೋ ಮೀರಬಾರದು. ಉಸಿರು, ಎದೆಗಾರಿಕೆ ಇವನ್ನೆಲ್ಲ ಯಾರೂ ತೂಗುವುದಿಲ್ಲ, ತಿಂದದ್ದನ್ನು ತೂಗುತ್ತಾರೆ. ಹುಡುಗಿ ವಾರಗಟ್ಟಲೆ ಬರೀ ಮಜ್ಜಿಗೆಯ ಮೇಲೆ ದಿನ ನೂಕಿದಳು. ಅವಳೆದುರು ಉಗ್ಗಾಣಿ, ಮಿರ್ಚಿ ಬಜ್ಜಿ ತಿನ್ನಲು ನಾಚಿ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿಂದೆ.

ಶಾಲೆಯ ತೂಕದ ಯಂತ್ರ ಕೆಟ್ಟಿತ್ತು. ಆಟದ ಮೇಡಂ ಹುಡುಗಿಯರನ್ನು ಆದೋನಿಯ ನಮ್ಮ ಹತ್ತಿ ಅಂಗಡಿಗೇ ಕರೆತಂದರು. ರೈತರ ಹತ್ತಿ ತೂಗಿ ಕೊಳ್ಳುವ ಹಳೆಯ ಕಾಟಾದ ಮೇಲೆ ನನ್ನ ಅಪ್ಪ ಒಬ್ಬೊಬ್ಬಳನ್ನೇ ನಿಲ್ಲಿಸಿದ. ಉಳಿದವರೆಲ್ಲ ಹಗುರವಾಗಿ ಇಳಿದು ಹೋದರು. ಗಿರಿಜಾ ನಿಂತಾಗ ಐವತ್ತೈದೂವರೆ.

"ಕೂದ್ಲಾಗ ತ್ಯಾವ ಐತಿ ಮೇಡಂ. ಅರ್ಧ ಕಿಲೋ ಕಳೀರಿ," ಎಂದ ಅಪ್ಪ. ಹತ್ತಿಯ ತೂಕದಲ್ಲಿ ತೇವಕ್ಕೆಂದು ಒಂದಿಷ್ಟು ಕಳೆಯುವುದು ನಮ್ಮ ವ್ಯಾಪಾರಿಗಳ ರೂಢಿ. ಅದಕ್ಕಾಗಿ ಹತ್ತಿಯನ್ನು ಮುಟ್ಟಿ ನೋಡಬೇಕೆಂದೇನೂ ಇಲ್ಲ.

"ಇದು ಹತ್ತಿ ಚೀಲ ಅಲ್ಲರಿ ಸಾವ್ಕಾರ್ರೆ, ಹುಡುಗಿ."

"ಹುಡುಗಿ ಆದ್ರ ತ್ಯಾವ ಇರಂಗಿಲ್ಲೇನ್ರಿ?"

ಸುತ್ತ ನಿಂತಿದ್ದ ವ್ಯಾಪಾರಿಗಳು ನಕ್ಕರು. ಮೇಡಂ ಕೂಡ ನಕ್ಕು ಐವತ್ತೈದು ಎಂದು ಬರೆದುಕೊಂಡರು. ಗಿರಿಜಾ ಮಾತ್ರ ನಗಲಿಲ್ಲ. ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ.

"ಅಪ್ಪಾ, ನಾ ಖರೇನ ಐವತ್ತೈದು ಅದೀನೇನು? ತಾತ ಸುಳ್ಳು ಹೇಳಿದ್ರ ನಾ ಆಡಂಗಿಲ್ಲ."

ಹೋಗಿ ಅಪ್ಪನನ್ನು ಕೇಳಿದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಆ ಕಾಟಾ ಅರ್ಧ ಕಿಲೋ ಜಾಸ್ತಿ ತೋರಸ್ತೈತಪ. ನಾನ ಹಂಗ ಇಟ್ಟೀನಿ. ತ್ಯಾವ ಅಂತ ಕಳೀತೀವಲ್ಲ, ರೈತಗ ಅಷ್ಟಾದ್ರೂ ತಿರುಗಿ ಹೋಗ್ಲಿ ಅಂತ."

"ಮತ್ತ ಕಳೆಯೋದನ್ನ ಬಿಟ್ಟುಬಿಡು."

"ನಾ ಒಬ್ನ ಬಿಟ್ರ ಬಜಾರ್‌ದಾಗ ಉಳಿದೋರು ಸುಮ್ನಿರ್ತಾರೇನು? ಅವತ್ತ ಅವ್ರೆಲ್ಲ ಅಲ್ಲೇ ನಿಂತಿದ್ರು. ಏನಂತ ಹೇಳ್ಲಿ?"

ನಾನು ಬಂದು ಇದನ್ನು ಹೇಳಿದ್ದೇ ತಡ, ಗಿರಿಜಾ ತಟ್ಟೆ ಎಳೆದುಕೊಂಡು ಕುಳಿತಳು. ಅವಳಿಗೆ ತಾತನ ಮಾತೇ ಸಾಕಾಯಿತು. ಅವಳಿನ್ನೂ ಒಂಬತ್ತನೇ ತರಗತಿ. ನಾನು ಎಂ.ಎ. ಓದಿದವನು. ಭಾನುವಾರ ಅಂಗಡಿ ಮುಚ್ಚಿದ್ದಾಗ ಪಕ್ಕದ ದಿನಸಿ ಅಂಗಡಿಯಿಂದ ಸರ್ಕಾರದ ಮುದ್ರೆಯಿರುವ ತೂಕದ ಕಲ್ಲುಗಳನ್ನು ಹೊತ್ತು ತಂದು, ಹೆತ್ತ ತಂದೆಯ ಮಾತನ್ನು ಕಾಟಾಕ್ಕೆ ಹಾಕಿದೆ. ಕಲ್ಲು ಐವತ್ತು ಕಿಲೋ; ಕಾಟಾ ತೋರಿಸಿದ್ದು ಐವತ್ತೂವರೆ.