ಕಿಂಡಿ ಇರುವ ಪೆಟ್ಟಿಗೆ

"ಮೂವತ್ನಾಲ್ಕು ವರ್ಷ ಮಕ್ಕಳಿಗೆ ಘನಫಲ ಕಲಿಸಿದೋನು ಕಣೇ ನಾನು! ಒಂದು ಮರದ ಪೆಟ್ಟಿಗೆ ಮಾಡೋಕೆ ಬರಲ್ವಾ ನನಗೆ?" ಎಂದು ನಿವೃತ್ತ ಗಣಿತದ ಮೇಷ್ಟ್ರು ಊಟದ ಮೇಜನ್ನು ಗುದ್ದಿದರು. ನೀರಿನ ಲೋಟ ಉರುಳಿತು.

ಹೆಂಡತಿ ಒರೆಸುವ ಬಟ್ಟೆ ತಂದು ಅವರ ಕೈಗೇ ಕೊಟ್ಟರು. "ಹೋದ ತಿಂಗಳು ಗೋಡೆಗೆ ಮೊಳೆ ಹೊಡೆಯೋಕೆ ಬರಲಿಲ್ಲವಲ್ಲ?"

"ಅದು ಗೋಡೆಯ ತಪ್ಪು!"

ವಿಷಯ ಇಷ್ಟೆ. ಮೇಷ್ಟ್ರ ಅತ್ತೆಗೆ ಎಂಬತ್ತೆರಡು ತುಂಬುವುದರಲ್ಲಿತ್ತು. ಅವರ ಕಿವಿಗಳು ಎಂದೋ ರಾಜೀನಾಮೆ ಬರೆದುಕೊಟ್ಟಿದ್ದವು. ಮಗಳು ಪಕ್ಕದಲ್ಲಿ ನಿಂತು ಕೂಗಿದರೂ ಕೇಳದು. ಆದರೆ ಬೀದಿಯಲ್ಲಿ ಲಾರಿ ಹೋದರೆ ಮಾತ್ರ, "ಯಾರದೋ ಲಾರಿ ಬಂತು" ಎನ್ನುವರು. ಇದರಿಂದ ಮೇಷ್ಟ್ರು ಒಂದು ಸಿದ್ಧಾಂತ ಮಂಡಿಸಿದರು: ಅತ್ತೆಗೆ ಕೀರಲು ದನಿ ಕೇಳದು, ಗುಡುಗಿನಂಥ ದನಿ ಕೇಳುತ್ತದೆ. ಮಾವನವರು ಬದುಕಿದ್ದಾಗ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದರು. ಅದರ ಧ್ವನಿಮುದ್ರಿಕೆಯೊಂದು ಮನೆಯಲ್ಲಿತ್ತು. ಅತ್ತೆ ಅದನ್ನು ಕೇಳಿ ಒಂಬತ್ತು ವರ್ಷವಾಗಿತ್ತು. ಭಾನುವಾರ ಅವರ ಹುಟ್ಟಿದ ದಿನ. ಅಂದು ಕಾರಿನಲ್ಲಿ ಕೂರಿಸಿ ಆ ಡ್ರಮ್ ಕೇಳಿಸಿಯೇ ತೀರುತ್ತೇನೆಂದು ಮೇಷ್ಟ್ರು ಪಣ ತೊಟ್ಟಿದ್ದರು.

ಅಂಗಡಿಯವನು ಗುಡುಗಿನಂಥ ದನಿಗೆಂದೇ ಇರುವ, ತಟ್ಟೆಯಗಲದ ಸಬ್‌ವೂಫರ್ ಸ್ಪೀಕರನ್ನು ಕೊಡುತ್ತಲೇ ಹೇಳಿದ್ದ: "ಇದು ಬರೀ ಬಾಯಿ ಸಾರ್. ಇದಕ್ಕೊಂದು ಹೊಟ್ಟೆ ಬೇಕು, ಅಂದ್ರೆ ಪೆಟ್ಟಿಗೆ. ಸುತ್ತಲೂ ಮುಚ್ಚಿದ್ದಾದ್ರೆ ದನಿ ಅಚ್ಚುಕಟ್ಟು. ಕಿಂಡಿ ಬಿಟ್ಟದ್ದಾದ್ರೆ ಗಾಳಿ ಹೊರಗೆ ನುಗ್ಗಿ ಇನ್ನೂ ಜೋರು. ಆದ್ರೆ ಕಿಂಡಿ ಪೆಟ್ಟಿಗೆಗೆ ಅಳತೆ ತಪ್ಪಬಾರದು. ನಾವೇ ಮಾಡಿಕೊಡ್ಲಾ?"

ಅಳತೆ ಎಂಬ ಮಾತು ಬಿದ್ದ ಮೇಲೆ ಮೇಷ್ಟ್ರನ್ನು ಹಿಡಿಯುವವರು ಯಾರು!

"ಮುಚ್ಚಿದ್ದೇ ಇರಲಿ ರೀ," ಎಂದರು ಹೆಂಡತಿ. "ಕಿಂಡಿ ಅಂದ್ಮೇಲೆ ಏನಾದ್ರೂ ಒಳಗೆ ಹೋಗುತ್ತೆ, ಹೊರಗೆ ಬರುತ್ತೆ."

"ಗಾಳಿ ಕಣೇ, ಗಾಳಿ! ಗಾಳಿ ಬಿಟ್ಟು ಇನ್ನೇನು ಬರುತ್ತೆ?"

ಮೂರು ದಿನ ಊಟದ ಮೇಜು ಬಡಗಿ ಕೆಲಸದ ಪಾಲಾಯಿತು. ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಉಪ್ಪಿನ ಡಬ್ಬಿಯಲ್ಲೂ ಮರದ ಹೊಟ್ಟು! ಶನಿವಾರ ಮಧ್ಯಾಹ್ನ ಮೂವತ್ತು ಲೀಟರಿನ ಪೆಟ್ಟಿಗೆ ಎದ್ದು ನಿಂತಿತು. ಗಾಳಿ ಸೋರಬಾರದೆಂದು ಒಳಗಿನ ಮೂಲೆಮೂಲೆಗೂ ಮೇಷ್ಟ್ರು ಧಾರಾಳವಾಗಿ ಅಂಟು ಬಳಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಹೇಳುವುದಕ್ಕೇನೂ ಇರುತ್ತಿರಲಿಲ್ಲ. ಆದರೆ ಲೆಕ್ಕ ಮಾಡಿದರೆ ಸಾಲದು, ತಾಳೆ ನೋಡಬೇಕೆಂಬುದು ಮೇಷ್ಟ್ರ ಜೀವಮಾನದ ವ್ರತ. ತಾಳೆ ನೋಡದ ಮಕ್ಕಳಿಗೆ, ಉತ್ತರ ಸರಿಯಿದ್ದರೂ, ಅವರು ಒಂದು ಅಂಕ ಕಿತ್ತುಕೊಳ್ಳುತ್ತಿದ್ದರು.

"ಪೆಟ್ಟಿಗೆ ತುಂಬಿಸಿ ಅಳೀಬೇಕು. ನೀರು ಹಾಕಿದ್ರೆ ಮರ ಉಬ್ಬುತ್ತೆ. ಅಕ್ಕಿ ಮೂಟೆ ಎಲ್ಲಿ?"

"ಅಯ್ಯೋ, ತಿಂಗಳಿಡೀ ಉಣ್ಣೋ ಅಕ್ಕಿ ರೀ!"

"ನಿನ್ನ ಅಕ್ಕಿ ಯಾರಿಗೆ ಬೇಕು? ಅಳೆದು ಹಾಗೇ ವಾಪಸ್ ಕೊಡ್ತೀನಿ."

ಕಿಂಡಿಗೆ ಬಟ್ಟೆ ತುರುಕಿ, ಸ್ಪೀಕರ್ ಕೂರುವ ತೂತಿನಿಂದ ಲೀಟರ್ ಡಬ್ಬಿಯಲ್ಲಿ ಅಳೆದು ಅಳೆದು ಸುರಿದರು. ಸರಿಯಾಗಿ ಮೂವತ್ತು! ಮೇಷ್ಟ್ರ ಎದೆ ಒಂದು ಗೇಣು ಉಬ್ಬಿತು. ಪೆಟ್ಟಿಗೆಯನ್ನು ಬೋರಲು ಹಾಕಿ, ಬಂದ ಅಕ್ಕಿಯನ್ನು ಹೆಂಡತಿ ಮತ್ತೆ ಅಳೆದರು. ಇಪ್ಪತ್ತೆಂಟೂವರೆ.

"ಒಂದೂವರೆ ಲೀಟರ್ ಎಲ್ಲಿ?"

"ಪ್ರಯೋಗ ಅಂದ್ಮೇಲೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ. ಅದನ್ನ ಬಿಟ್ಟುಬಿಡಬೇಕು."

"ಅಕ್ಕೀನಾ?"

"ವ್ಯತ್ಯಾಸಾನ!"

ಆ ವ್ಯತ್ಯಾಸವನ್ನು ಒಳಮೂಲೆಯ ಹಸಿ ಅಂಟು ಅಪ್ಪಿಕೊಂಡು ಕುಳಿತಿದೆಯೆಂಬುದು, ಸ್ಪೀಕರ್ ಕೂರಿಸಿ ತಿರುಪು ಬಿಗಿದ ಮೇಲೆ ಯಾರ ಕಣ್ಣಿಗೆ ಬೀಳಬೇಕು?

ಭಾನುವಾರ ಬೆಳಗ್ಗೆ ಕಾರು ಗೇಟಿನ ಮುಂದೆ ಸಿದ್ಧವಾಗಿತ್ತು. ಹಿಂದಿನ ಸೀಟಿನಲ್ಲಿ ಹೊಸ ಸೀರೆ ಉಟ್ಟ ಅತ್ತೆ, ಪಕ್ಕದಲ್ಲಿ ಹೆಂಡತಿ. ಅವರ ಬೆನ್ನ ಹಿಂದೆಯೇ, ಸೀಟಿನ ಅಂಚಿಗಿಂತ ಮೇಲೆ ಪೆಟ್ಟಿಗೆ, ಕಿಂಡಿ ಅವರತ್ತಲೇ ಮುಖ ಮಾಡಿ. ಮೇಷ್ಟ್ರು ಮುಂದೆ ಕುಳಿತು, ಅಣೆಕಟ್ಟೊಂದನ್ನು ಉದ್ಘಾಟಿಸುವವರಂತೆ ಗುಂಡಿ ಒತ್ತಿದರು.

ಧಮ್! ಧಮ್! ಗಾಜುಗಳು ನಡುಗಿದವು.

ಅತ್ತೆ ಬೆಚ್ಚಿ, ಅಂಗೈಯನ್ನು ಸೀಟಿಗೆ ಒತ್ತಿ ಹಿಡಿದರು. ಇನ್ನೆರಡು ಪೆಟ್ಟು. ಮುದುಕಿಯ ಮುಖ ನಿಧಾನವಾಗಿ ಅರಳಿತು.

"ಎರಡು ಪೆಟ್ಟಾದ್ಮೇಲೆ ಒಂಚೂರು ತಡೀತಾರೆ ನೋಡು," ಎಂದರು ಮೆಲ್ಲಗೆ. "ಅವರೇ. ಅವರೇ ಕಣೇ."

ಮೇಷ್ಟ್ರು "ನೋಡಿದ್ಯಾ?" ಎಂದು ಹೆಂಡತಿಯನ್ನು ಕೇಳಲು ಹಿಂದೆ ತಿರುಗಿ ಬಾಯಿ ತೆರೆದರು. ಧಮ್! ಒಂದು ಹಿಡಿ ಅಕ್ಕಿ ಹಾರಿಬಂದು ಬಾಯಿಗೇ ಬಿತ್ತು!

ಆಮೇಲೆ ಕೇಳಬೇಕೆ! ಒಣಗಿದ ಅಂಟು ಅಲುಗಾಟಕ್ಕೆ ಕೈಬಿಟ್ಟಿತ್ತು. ಪ್ರತಿ ಧಮ್ಮಿಗೂ ಒಳಗೆ ನೂರು ಗಿಲಕಿಗಳ ಗಲಾಟೆ, ಹೊರಗೆ ಅಕ್ಕಿಯ ತುಂತುರು. ಅತ್ತೆಯ ಮುಡಿಯಲ್ಲಿ, ಹೆಂಡತಿಯ ಕನ್ನಡಕದ ಮೇಲೆ, ಗೇರಿನ ಸಂದಿಯಲ್ಲಿ, ಎಲ್ಲೆಲ್ಲೂ ಅಕ್ಕಿ!

"ಮೊದಲು ನಿಲ್ಲಿಸ್ರೀ ಅದನ್ನ!"

ಮೇಷ್ಟ್ರು ತಡಬಡಾಯಿಸಿ ನಿಲ್ಲಿಸಿದರು. ಅತ್ತೆಯ ಮುಖ ಬಾಡಿತು.

"ಯಾಕೆ ನಿಲ್ಲಿಸಿದ್ರಿ ಅಳಿಯಂದ್ರೇ? ಇನ್ನೂ ಮುಗಿದಿಲ್ಲ."

"ಅತ್ತೆ, ಪೆಟ್ಟಿಗೆ ಒಳಗೆ ಅಕ್ಕಿ..." ಎಂದು ಮೇಷ್ಟ್ರು ಕೂಗಿದರು. ಕೀರಲು ದನಿ! ಅತ್ತೆಗೆ ಅದೂ ಕೇಳದು, ಗಿಲಕಿಯ ಗಲಾಟೆಯೂ ಕೇಳಿರಲಿಲ್ಲ.

"ಹ್ಞೂಂ, ಹಾಗೇ ಇನ್ನೂ ಜೋರಾಗಿ ಹಾಕಿ," ಎಂದರವರು, ಹಣೆಯ ಮೇಲಿನ ಅಕ್ಕಿಯನ್ನು ನೊಣದಂತೆ ಓಡಿಸುತ್ತ.

ಹೆಂಡತಿ ಕಾರಿನಿಂದಿಳಿದು ಮನೆಯೊಳಗೆ ಹೋದರು. ಇನ್ನು ತಮ್ಮ ಗತಿ ಮುಗಿಯಿತೆಂದು ಮೇಷ್ಟ್ರು ತಲೆ ತಗ್ಗಿಸಿ, ಬಾಯಲ್ಲಿದ್ದ ಅಕ್ಕಿಯನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಳ್ಳತೊಡಗಿದರು.

ಹೆಂಡತಿ ಲೀಟರ್ ಡಬ್ಬಿಯೊಂದಿಗೆ ಹಿಂತಿರುಗಿದರು. ಸೀಟಿನ ಮೇಲೆ ಚೆಲ್ಲಿದ್ದನ್ನೆಲ್ಲ ಅದಕ್ಕೆ ಬಳಿದು, ಗಂಡನ ಅಂಗೈಯಲ್ಲಿದ್ದದ್ದನ್ನೂ ಬಿಡದೆ ಹಾಕಿಸಿಕೊಂಡು, ಅಮ್ಮನ ಪಕ್ಕ ಕುಳಿತು ಡಬ್ಬಿಯನ್ನು ಕಿಂಡಿಗೆ ಒಡ್ಡಿ ಹಿಡಿದರು.

"ಈಗ ಹಾಕಿ, ಎಷ್ಟು ಜೋರಾದ್ರೂ ಹಾಕಿ. ತಾಳೆ ನೋಡಬೇಕಲ್ಲ, ಇನ್ನೂ ಒಂದೂಕಾಲು ಲೀಟರ್ ಬರಬೇಕು."