ಅಂಗಳದ ಕೇದಿಗೆಯವರಿಗೆ, ಬಿಡದ ಹೂವಿನ ವಿಷಯವಾಗಿ

ಕಡಲತೀರದಿಂದ ಬಂದು ಬೆಟಗೇರಿಯ ನಮ್ಮ ಅಂಗಳದ ಮುಕ್ಕಾಲು ಪಾಲನ್ನು ಕೃಪೆಯಿಟ್ಟು ಸ್ವೀಕರಿಸಿರುವ ಮಾನ್ಯ ಕೇದಿಗೆ ಗಿಡದವರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಮುಳ್ಳಿಗೆ ಅಂಜಿ ಕಟ್ಟೆಯ ಮೇಲಿನಿಂದಲೇ ಸಲ್ಲಿಸುತ್ತಿದ್ದೇನೆ, ಕ್ಷಮಿಸಬೇಕು.

ಮಗಳು ಕಾಂಚನಾ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ನನ್ನ ಹೆಂಡತಿ ನೇತ್ರಾ ಕುಮಟೆಯ ಗೆಳತಿಯ ಹಿತ್ತಲಿನಿಂದ ತಮ್ಮನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು ಒಂದೇ ಆಸೆಗೆ: ಮುಂದೆ ಮಗಳ ಕುಬಸದ ದಿನ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ, ಅವಳ ಜಡೆಯಲ್ಲಿ ನಮ್ಮ ಅಂಗಳದ್ದೇ ಕೇದಿಗೆ ಘಮಘಮಿಸಬೇಕು.

ಸಮುದ್ರದ ಗಿಡಕ್ಕೆ ಉಪ್ಪು ಬೇಡವೇ ಎಂದು, ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ನಾನು, ಮೊದಲೇ ಸವಳಾದ ಬೋರಿನ ನೀರಿಗೆ ಹರಳುಪ್ಪು ಕಲಸಿ ತಮ್ಮ ಬುಡಕ್ಕೆ ಹೊಯ್ದೆ. ಪಕ್ಕದ ದಾಸವಾಳ ಸತ್ತಿತು, ಕರಿಬೇವು ಸತ್ತಿತು, ತಾವು ಮಾತ್ರ ಮಾವನ ಮನೆಗೆ ಬಂದ ಅಳಿಯನಂತೆ ಮೈ ತುಂಬಿಕೊಂಡಿರಿ. ಎರಿ ಮಣ್ಣು ಬಿರಿಯುವ ಬಿಸಿಲಿಗೂ ಜಗ್ಗದ ತಮ್ಮ ಗಟ್ಟಿತನವನ್ನು ಹೊಗಳಲು ನನಗೆ ಶಬ್ದಗಳು ಸಾಲವು. ತಮ್ಮ ಮುಳ್ಳಿಗೆ ಸಿಕ್ಕು ಹರಿದ ನನ್ನ ಧೋತರಗಳು ಅಡುಗೆಮನೆಯಲ್ಲಿ ಒರಸುವ ಅರಿವೆಗಳಾಗಿ ಸೇವೆ ಸಲ್ಲಿಸುತ್ತಿವೆ. ತಮ್ಮ ಬುಡದಲ್ಲಿ ಹಾವಿದೆಯೆಂದು ನಂಬಿದ ಕರೆಂಟ್ ಬಿಲ್ಲಿನವನು ಗೇಟಿನ ಆಚೆಯಿಂದಲೇ ಕೂಗುತ್ತಾನೆ.

ಇಷ್ಟೆಲ್ಲ ಉಪಚಾರದ ನಂತರ, ಕಾಂಚನಾಳ ಕುಬಸ ಮುಂದಿನ ಸೋಮವಾರ ಎನ್ನುವಾಗ, ತಾವು ಕೊಟ್ಟದ್ದು ಹೂವಲ್ಲ, ಅನಾನಸಿನಂಥ ಒಂದು ಕಾಯಿ. ಎದುರುಮನೆಯ ಹುಚ್ಚೀರಪ್ಪನವರು ಬಂದು ಕತ್ತೆತ್ತಿ ನೋಡಿ, "ಇದು ಹೆಣ್ಣು ಗಿಡ ಐತ್ರಿ. ವಾಸನಿ ಹೂ ಬಿಡೂದು ಗಂಡು. ಹೆಣ್ಣು ಇಟಗೊಂಡು ಏನ್ ಮಾಡ್ತೀರಿ, ಜಲ್ದಿ ಕಡಿಸಿ ಒಗೀರಿ" ಎಂದು ಓಣಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು. ನೇತ್ರಾ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು.

ಆದಕಾರಣ ಸೋಮವಾರದೊಳಗೆ ತಾವು ದಯಮಾಡಿ ಗಂಡಾಗಬೇಕೆಂದು ವಿನಂತಿ. ಗಂಡು ಬೇಕೆಂದು ದೇವರಿಗೆ ಹರಕೆ ಹೊತ್ತವರು ನಮ್ಮ ಓಣಿಯಲ್ಲಿ ಬೇಕಾದಷ್ಟಿದ್ದಾರೆ, ಗಿಡಕ್ಕೇ ಅರ್ಜಿ ಹಾಕಿದವನು ನಾನೊಬ್ಬನೇ ಇರಬೇಕು. ಆಗದಿದ್ದರೆ ಕಟ್ಟಿಗೆ ಒಡೆಯುವ ಪರಶುರಾಮನನ್ನು ಕೊಡಲಿಯೊಂದಿಗೆ ಕರೆಸುತ್ತೇನೆ.

ಇಷ್ಟು ಬರೆದು ಸಹಿ ಹಾಕುವವನಿದ್ದೆ. ಅಷ್ಟರಲ್ಲಿ, ನಾನು ಆಗಲೇ ಹೇಳಿಕಳುಹಿಸಿದ್ದರಿಂದ, ಪರಶುರಾಮ ಬಂದೇಬಿಟ್ಟ. "ಹೆಣ್ಣು ಗಿಡ ನಮಗ ಬ್ಯಾಡೋ, ಬುಡಸಮೇತ ತಗಿ" ಎಂದೆ. ಕಟ್ಟೆಯ ಮೇಲೆ ಕುಳಿತು ಹುಣಸೆ ಚಿಗಳಿ ಚೀಪುತ್ತಿದ್ದ ಕಾಂಚನಾ ಚೀಪುವುದನ್ನು ನಿಲ್ಲಿಸಿದಳು.

"ಅಪ್ಪಾ, ನನ್ನ ಹೊಟ್ಟ್ಯಾಗಿಂದೂ ಹೆಣ್ಣಾತಂದ್ರ, ಅವತ್ತೂ ಪರಶುರಾಮಗ ಹೇಳಿ ಕಳಸ್ತಿಯೇನು?"

ಪರಶುರಾಮ ಕೊಡಲಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಕಡಿಯುವುದು ಬೇಡವೆಂದು ಕೈಸನ್ನೆ ಮಾಡಿದೆ. ಅವನು ಚಹಾ ಕುಡಿದು, ಬಂದ ದಾರಿಯಲ್ಲೇ ಹೋದ.

ಆದ್ದರಿಂದ ಮೇಲ್ಕಾಣಿಸಿದ ವಿನಂತಿಯನ್ನು ಹಿಂಪಡೆದಿದ್ದೇನೆ. ತಾವು ಹೆಣ್ಣಾಗಿಯೇ, ಇಷ್ಟವಿದ್ದಷ್ಟು ಅಂಗಳದಲ್ಲಿ, ಸುಖವಾಗಿರಬೇಕು.

ಸ್ವಂತ ಅಂಗಳದಲ್ಲೇ ತಲೆತಗ್ಗಿಸಿದ, ತಮ್ಮ ವಿಶ್ವಾಸಿ,
ಶಿವಯೋಗಿ

ವಿ.ಸೂ.: ಕುಬಸದ ದಿನ ಉಡಿಯಲ್ಲಿ ತಮ್ಮ ಕಾಯಿಯನ್ನೇ ಇಡಬೇಕೆಂದು ಕಾಂಚನಾ ಹಟ ಹಿಡಿದಿದ್ದಾಳೆ, ನೇತ್ರಾ ನಕ್ಕು ಹೂಂ ಎಂದಿದ್ದಾಳೆ. ಅದನ್ನು ಕೊಯ್ದುಕೊಡಲು ಹುಚ್ಚೀರಪ್ಪನವರನ್ನೇ ಆದರದಿಂದ ಆಹ್ವಾನಿಸಿದ್ದೇನೆ. ಅವರ ವಿಷಯದಲ್ಲಿ ತಾವು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳಬೇಕಾಗಿಲ್ಲ.