ಕುಣಿಗಲ್ ಕುದುರೆಯನ್ನು ಮೇಕೆ ಮಾಡಿದ ಯಂತ್ರಕ್ಕೆ

ಶ್ರೀಮಾನ್ ಎಂಬ್ರಾಯ್ಡರಿ ಯಂತ್ರದವರಿಗೆ,
ಕಿಟಕಿ ಪಕ್ಕದ ಮೇಜು, ನಮ್ಮ ನಡುಮನೆ, ಸದಾಶಿವನಗರ, ತುಮಕೂರು.

ವಿಷಯ: ಕುದುರೆಯ ಬೆನ್ನು ಗೂನಾದ ಬಗ್ಗೆ.

ಮಾನ್ಯರೇ,

ಮೂವತ್ತೊಂದು ವರ್ಷ ಹೊಲಿಗೆ ಯಂತ್ರ ತುಳಿದು ಈ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟ ಶಿವರುದ್ರಮ್ಮ ಮಾಡುವ ಶರಣು ಶರಣಾರ್ಥಿಗಳು. ತಾವು ನನ್ನ ಸೊಸೆ ಸುಮನಾಳ ಜೊತೆ ಆಟೋದಲ್ಲಿ ಬಂದಿಳಿದ ದಿನ ಆರತಿ ಎತ್ತಿ, ತಮ್ಮ ಹಣೆಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಂಡವಳು ನಾನೇ ಎಂಬುದು ತಮಗೆ ಮರೆತಿರಲಾರದು. ಆ ಮರ್ಯಾದೆಗೆ ತಾವು ಕೊಟ್ಟ ಪ್ರತಿಫಲ ಮನೆಮಂದಿಗೆಲ್ಲ ತಿಳಿಯಲೆಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ಬಂದು ಎರಡು ತಿಂಗಳು ಸುಮ್ಮನೆ ಕುಳಿತ ಮೇಲೆ ಸುಮನಾಳಿಗೆ ಮೊದಲ ಆರ್ಡರ್ ಸಿಕ್ಕಿತು. ಕುಣಿಗಲ್ಲಿನ ಹೆಣ್ಣುಮಕ್ಕಳ ಥ್ರೋಬಾಲ್ ತಂಡಕ್ಕೆ ಹನ್ನೆರಡು ಟೀ ಶರ್ಟು, ಎದೆಯ ಮೇಲೆ ಓಡುವ ಕುದುರೆ. ಭಾನುವಾರ ಗುಬ್ಬಿಯಲ್ಲಿ ಪಂದ್ಯ. ಗುರುವಾರ ಮಧ್ಯಾಹ್ನ ಅವಳು ದಾರ ತರಲು ಹೋದಾಗ, ಒಂದನ್ನಾದರೂ ಮುಗಿಸಿಕೊಟ್ಟು ಭೇಷ್ ಅನ್ನಿಸಿಕೊಳ್ಳೋಣವೆಂದು ನಾನೇ ತಮ್ಮ ಮುಂದೆ ಕುಳಿತೆ. ಬಟ್ಟೆಯನ್ನು ಅವಳು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದಳು. ಅದರ ಕೆಳಗೆ ಒಂದು ದಿನಪತ್ರಿಕೆಯ ಹಾಳೆ ಕೊಟ್ಟು ರಿಂಗಿಗೆ ಹಾಕಿ, ರವಿಕೆ ಬಟ್ಟೆ ಎಳೆದು ರೂಢಿಯಾದ ಕೈಯಿಂದ ನಾಲ್ಕೂ ಕಡೆ ತಮಟೆಯ ಹಾಗೆ ಬಿಗಿದು, ಹಸಿರು ಗುಂಡಿ ಒತ್ತಿದೆ. ರಿಂಗಿನಲ್ಲಿದ್ದಷ್ಟು ಹೊತ್ತು ಅದು ಅರಮನೆಯ ಕುದುರೆಯೇ. ಬಿಚ್ಚಿದ ಕೂಡಲೇ ಹಿಗ್ಗಿದ್ದ ಬಟ್ಟೆ ತನ್ನ ಅಳತೆಗೆ ಕುಗ್ಗಿತು, ಹೊಲಿಗೆ ಕುಗ್ಗಲಿಲ್ಲ; ಬೆನ್ನು ಗೂನಾಯಿತು, ಕಾಲು ಮುದುಡಿತು, ಅಡಿಯ ಪತ್ರಿಕೆ ಸೂಜಿಯ ಏಟಿಗೆ ಚೂರುಚೂರಾಗಿ ನನ್ನ ಮಡಿಲಿಗೆ ಉದುರಿತು.

ಸಂಜೆ ವಸಂತನರಸಾಪುರದ ಫ್ಯಾಕ್ಟರಿ ಬಿಟ್ಟು ಬರುತ್ತ ತಂಡದ ನಾಯಕಿ ಮಾನಸಾ ಒಳಗೆ ಬಂದು ನೋಡಿದಳು. “ಅಕ್ಕ, ಇದೇನು ಕುದ್ರೆನೋ ಮೇಕೆನೋ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೆಂಗ್ಳೂರಲ್ಲಿ ಮಾಡಿಸ್ಕೋತೀವಿ.” ಸುಮನಾಳ ಮುಖ ಇಳಿದುಹೋಯಿತು. ಶನಿವಾರದವರೆಗೆ ಸಮಯ ಬೇಡಿಕೊಂಡು ಅವಳನ್ನು ಕಳಿಸಿದ ಮೇಲೆ ನನ್ನ ಕಡೆ ತಿರುಗಿದಳು.

“ಅತ್ತೆ, ಬಟ್ಟೆ ಕೆಳಗೆ ಹಾಕೋ ಬ್ಯಾಕಿಂಗ್ ಪೇಪರ್ ರೋಲು ಇಲ್ಲೇ ಇತ್ತಲ್ಲ?”

“ದೇವ್ರ ಗೂಡಿಗೆ ಹಾಸಿದೀನಿ ಕಣಮ್ಮ. ಒಳ್ಳೆ ಬಿಳೀ ಪೇಪರ್ರು, ಎಳುದ್ರೂ ಹರಿಯಲ್ಲ ಅಂತ.”

ಎಳೆದರೂ ಹರಿಯದ ಆ ಗುಣವೇ ಕುದುರೆಗೆ ಬೇಕಾಗಿತ್ತಂತೆ. ದಾರ ತುಂಡಾದರೆ ಬೀದಿಗೆಲ್ಲ ಕೇಳುವಂತೆ ಕೀಂ ಕೀಂ ಅನ್ನುವ ತಾವು ಇದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ತಮ್ಮ ಗಾಂಭೀರ್ಯಕ್ಕೆ ಅಡ್ಡಬಿದ್ದೆ. ಆದ್ದರಿಂದ ವಿನಂತಿಸುವುದೇನೆಂದರೆ, ಇನ್ನು ಮುಂದೆ ಯಾರಾದರೂ ಟೀ ಶರ್ಟನ್ನು ಎಳೆದು ಬಿಗಿದರೆ ತಾವು ಅವರ ಕೈಗೆ ಒಂದು ಏಟು ಹಾಕಬೇಕು, ಮತ್ತು ಸಾಧ್ಯವಾದರೆ ಕಳೆದ ಗುರುವಾರದ ಮಧ್ಯಾಹ್ನವನ್ನು ಬಿಚ್ಚಿ ಹೊಸದಾಗಿ ಹೊಲಿದುಕೊಡಬೇಕು.

ಶುಕ್ರವಾರ ಬೆಳಗ್ಗೆ ಶಿವನನ್ನು ತಟ್ಟೆಗೆ ಇಳಿಸಿ, ಗೂಡಿನ ಮೂರೂ ಅಂತಸ್ತಿನ ಪೇಪರನ್ನು ನಾನೇ ಎಳೆದುಕೊಟ್ಟೆ. ಸುಮನಾ ವಿಭೂತಿ ಕೊಡವಿ, ಪೇಪರನ್ನು ಮಾತ್ರ ರಿಂಗಿಗೆ ಬಿಗಿದು, ಗಮ್ ಸ್ಪ್ರೇ ಹೊಡೆದು, ಟೀ ಶರ್ಟನ್ನು ಎಳೆಯದೆ ಅದರ ಮೇಲೆ ಮಗು ಮಲಗಿಸಿದಂತೆ ಮಲಗಿಸಿದಳು. ಹೆಚ್ಚಿಗೆ ತಂದಿದ್ದ ಒಂದು ಟೀ ಶರ್ಟೂ ಸೇರಿ ಹನ್ನೆರಡೂ ಕುದುರೆ ಶನಿವಾರ ಸಂಜೆಗೆ ನೆಟ್ಟಗೆ ಓಡಿದವು. ಗುಬ್ಬಿಯಲ್ಲಿ ತಂಡ ಮೊದಲ ಪಂದ್ಯಕ್ಕೇ ಸೋತು ಬಂದದ್ದು ಬೇರೆ ಮಾತು.

ಇಷ್ಟಾದರೂ ಆ ಹುಡುಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಪ್ಪು ನನ್ನದೇ ಎಂದು ಅವಳ ಎದುರು ಹೇಳಲು ನಾಲಿಗೆ ಹೊರಳುತ್ತಿಲ್ಲ. ಅದಕ್ಕೇ ಈ ಪತ್ರವನ್ನು ತಮ್ಮ ಸೂಜಿಯ ಕೆಳಗೆ ಇಟ್ಟಿದ್ದೇನೆ. ಬೆಳಗ್ಗೆ ಅಲ್ಲಿಗೆ ಮೊದಲು ಬರುವವಳು ಅವಳೇ.

ಶುಕ್ರವಾರದಿಂದೀಚೆಗೆ ತಮ್ಮ ವಿಶ್ವಾಸಿ,
ಶಿವರುದ್ರಮ್ಮ

ತಾ.ಕ.: ಪತ್ರ ತಮ್ಮ ಬಳಿ ತಲುಪಿದ್ದು ಖಚಿತವಾಯಿತು. ತಮಗೆ ಧೂಳು ಬೀಳದಿರಲೆಂದು ಆ ಗೂನು ಕುದುರೆಯ ಟೀ ಶರ್ಟನ್ನು ಇವತ್ತು ಬೆಳಗ್ಗೆ ಸುಮನಾ ತಮಗೆ ಹೊದಿಸಿದ್ದಾಳೆ, ಅದರ ಮುಖ ಸರಿಯಾಗಿ ನನ್ನ ಮಂಚದ ಕಡೆಗೇ ಬರುವಂತೆ. ಹುಡುಗಿ ಏನೂ ಅನ್ನಲಿಲ್ಲವೆಂದು ಮೇಲೆ ಬರೆದದ್ದನ್ನು ದಯವಿಟ್ಟು ಹೊಡೆದುಹಾಕಿಕೊಳ್ಳಿ.